ಯಂತ್ರ ಮುಂಬೈಯಲ್ಲಿ, ಕೀಬೋರ್ಡ್ ಹಿಟ್ನಾಳದಲ್ಲಿ

ಕೊಪ್ಪಳದಿಂದ ಹೊಸಪೇಟೆಗೆ ಹೋಗುವ ಹೆದ್ದಾರಿಯಲ್ಲಿ ಹಿಟ್ನಾಳ ಸಿಗುತ್ತದೆ. ಒಂದು ಕಡೆ ಮುನಿರಾಬಾದಿನ ಅಣೆಕಟ್ಟು, ಇನ್ನೊಂದು ಕಡೆ ಬೇವಿನಹಳ್ಳಿ, ಗಿಣಿಗೇರಾದ ಕಬ್ಬಿಣದ ಕಾರ್ಖಾನೆಗಳು, ನಡುವೆ ನೆಲ್ಲಿನ ಗದ್ದೆ, ರಸ್ತೆ ತುಂಬ ಲಾರಿ. 2020ರ ಮಾರ್ಚಿನ ಲಾಕ್‌ಡೌನ್ ಬೆಂಗಳೂರಿನ ಕಂಪನಿಗಳ ಹುಡುಗರನ್ನು ಲ್ಯಾಪ್‌ಟಾಪ್ ಸಮೇತ ಊರಿಗೆ ಕಳಿಸಿದ ಮೇಲೆ, ಇಂಥ ಊರುಗಳ ಮಾಳಿಗೆ ಮೇಲೆ ಕೂತು ಮುಂಬೈಯ ಸರ್ವರಿಗೆ ಕೆಲಸ ಹೇಳುವುದು ಯಾರಿಗೂ ಸೋಜಿಗವಾಗಿ ಉಳಿದಿಲ್ಲ. ಕೆಲವರು ವಾಪಸು ಹೋದರು, ಕೆಲವರು ವಾರಕ್ಕೆರಡು ದಿನ ಹೋಗಿಬರುತ್ತಾರೆ, ಕೆಲವರು ಇಲ್ಲೇ ಉಳಿದರು. ಯಂತ್ರ ಮಾತ್ರ ಯಾರ ಜೊತೆಗೂ ಬರಲಿಲ್ಲ.

ಪ್ರೋಗ್ರಾಂ ಓಡುವುದು ದೂರದ ಯಂತ್ರದಲ್ಲಿ. ಅದನ್ನು ತಿದ್ದುವ ಎಡಿಟರ್ ಕಣ್ಣೆದುರಿನ ಲ್ಯಾಪ್‌ಟಾಪಿನಲ್ಲಿ. ಒಂದು ಸಾಲು ತಿದ್ದಿದ ಕೂಡಲೇ ಕಂಪೈಲ್ ಮಾಡಬೇಕು, ಪರೀಕ್ಷೆ ಓಡಿಸಬೇಕು, ಸರ್ವಿಸ್ ರೀಸ್ಟಾರ್ಟ್ ಮಾಡಬೇಕು, ಲಾಗ್ ನೋಡಬೇಕು. ಇವೆಲ್ಲ ಅಲ್ಲಿ ನಡೆಯಬೇಕಾದ ಕೆಲಸ. ಎಡಿಟರಿನಿಂದ ಕೈ ತೆಗೆಯದೆ ಇದನ್ನು ಮಾಡುವುದು ಹೇಗೆ ಎಂಬುದಕ್ಕೆ ನಲವತ್ತು ವರ್ಷಗಳಿಂದ ಉತ್ತರಗಳು ಬರುತ್ತಲೇ ಇವೆ. ಪ್ರತಿ ಹೊಸ ಎಡಿಟರೂ ತನ್ನದೇ ಕೊನೆಯ ಉತ್ತರ ಅನ್ನುತ್ತದೆ. ಎಲ್ಲವನ್ನೂ ಒಂದಷ್ಟು ಬಳಸಿ ನೋಡಿದ ಮೇಲೆ ನನಗೆ ಅನ್ನಿಸಿದ್ದು, ಎಡಿಟರ್ ಯಾವುದು ಎಂದು ಕೇಳುವ ಮೊದಲು ತಂತಿಯಲ್ಲಿ ಏನು ದಾಟುತ್ತಿದೆ ಎಂದು ಕೇಳಬೇಕು. ಒತ್ತಿದ ಕೀಲಿಗಳೇ? ಇಡೀ ಫೈಲೇ? ಬರೀ ಕಮಾಂಡೇ? ಹಿಟ್ನಾಳದಂಥ ಕಡೆ, ಮೊಬೈಲ್ ಹಾಟ್‌ಸ್ಪಾಟ್ ಮೇಲೆ ಕೂತವನ ದಿನ ಸುಸೂತ್ರವಾಗಿ ಕಳೆಯುತ್ತದೋ ಇಲ್ಲವೋ ಎಂಬುದನ್ನು ಈ ಪ್ರಶ್ನೆಯೇ ತೀರ್ಮಾನಿಸುತ್ತದೆ.

ನಿಧಾನದ ಲೈನಿನ ಕಷ್ಟ ನಮ್ಮ ಹಳ್ಳಿಗಳದ್ದಷ್ಟೇ ಅಲ್ಲ, ಎಡಿಟರುಗಳು ಹುಟ್ಟಿದ್ದೇ ಅದರಲ್ಲಿ. ಕೆನ್ ಥಾಂಪ್ಸನ್ 1969ರಲ್ಲಿ ಬರೆದ ‘ಎಡ್’ ಕಾಗದದ ಮೇಲೆ ಅಚ್ಚು ಹಾಕುವ ಟೆಲಿಟೈಪಿಗಾಗಿ ಆದದ್ದು; ಕೇಳದ ಹೊರತು ಅದು ಒಂದು ಸಾಲನ್ನೂ ತೋರಿಸುತ್ತಿರಲಿಲ್ಲ. ಬಿಲ್ ಜಾಯ್ 1976ರ ಹೊತ್ತಿಗೆ ಬರ್ಕ್ಲಿಯಲ್ಲಿ ‘ವಿಐ’ ಬರೆಯುವಾಗ ಮನೆಯಿಂದ 300 ಬಾಡ್ ಮೋಡೆಮ್ ಹಿಡಿದು ಕೆಲಸ ಮಾಡುತ್ತಿದ್ದ. 300 ಬಾಡ್ ಎಂದರೆ ಸೆಕೆಂಡಿಗೆ ಸುಮಾರು 30 ಅಕ್ಷರ. 80 ಅಕ್ಷರದ 24 ಸಾಲುಗಳ ಪರದೆಯನ್ನು ಪೂರ್ತಿ ಬಳಿಯಲು ಒಂದು ನಿಮಿಷಕ್ಕೂ ಮಿಕ್ಕಿ ಹೊತ್ತು ಬೇಕು. ಎರಡಕ್ಷರ ಒತ್ತಿದರೆ ಒಂದು ಸಾಲು ಅಳಿಯುವ, ಬೇರೆರಡು ಒತ್ತಿದರೆ ಒಂದು ಪದ ಅಳಿಯುವ ವಿಐನ ಜಿಪುಣತನ ಹುಟ್ಟಿದ್ದು ಆ ಕಷ್ಟದಲ್ಲಿ. ವಿಟಿಯು ಕಾಲೇಜುಗಳಲ್ಲಿ ಸುಮಿತಾಭ ದಾಸರ ಯುನಿಕ್ಸ್ ಪುಸ್ತಕ ಹಿಡಿದು ಲ್ಯಾಬಿನಲ್ಲಿ ವಿಐ ಕಲಿತವರು, ಮೌಸ್ ಇರುವಾಗ ಈ ಶಿಕ್ಷೆ ಯಾಕೆ ಎಂದು ಗೊಣಗಿದ್ದುಂಟು. ಕಾರಣವನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಕರ್ನಾಟಕದ ಮಟ್ಟಿಗೆ ಈ ಕತೆ ಶುರುವಾಗುವುದು 1985ರಲ್ಲಿ, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಾಗ. ಅದರ ಉಪಗ್ರಹ ಡಿಶ್ ಎತ್ತಿನ ಗಾಡಿಯಲ್ಲಿ ಬಂತು ಎಂಬುದು ಐಟಿಯವರು ಇಂದಿಗೂ ಹೇಳಿಕೊಳ್ಳುವ ಕತೆ. ಅದಕ್ಕೂ ಮೊದಲು ನಮ್ಮವರಿಗೆ ಹೆಚ್ಚಾಗಿ ಇದ್ದ ದಾರಿ ಇದು: ಯಂತ್ರ ಇರುವಲ್ಲಿಗೆ ವಿಮಾನ ಹತ್ತಿ ಮನುಷ್ಯನೇ ಹೋಗುವುದು. 1991ರಲ್ಲಿ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ ಸಂಸ್ಥೆ ಹುಟ್ಟಿ, ಸಣ್ಣ ಕಂಪನಿಗಳಿಗೂ ಉಪಗ್ರಹ ಸಂಪರ್ಕ ಕೈಗೆಟುಕಿದ ಮೇಲೆ ಮನುಷ್ಯ ಇಲ್ಲೇ ಉಳಿದು ಕಮಾಂಡ್ ಮಾತ್ರ ಸಮುದ್ರ ದಾಟತೊಡಗಿತು. ಬೆಂಗಳೂರಿನ ಹೊರಗುತ್ತಿಗೆ ಉದ್ಯಮ ಅಷ್ಟೆತ್ತರ ಬೆಳೆದದ್ದು ಈ ಒಂದು ಸೌಲಭ್ಯದ ಮೇಲೆ. ಆ ಸೌಲಭ್ಯ ಬೆಂಗಳೂರನ್ನು ಬಿಟ್ಟು ಹಿಟ್ನಾಳಕ್ಕೆ ಬರಲು ಇನ್ನೂ ಕಾಲು ಶತಮಾನ ಹಿಡಿಯಿತು. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾದದ್ದು, ಅದೇ ವರ್ಷ ಅಮೆಜಾನ್ ಮುಂಬೈಯಲ್ಲಿ ತನ್ನ ಕ್ಲೌಡ್ ಕೇಂದ್ರ ತೆರೆದದ್ದು, ಇವೆರಡೂ ಕೂಡಿದವು.

ಮೊದಲ ಕಾಲದ ದೂರದ ಕಮಾಂಡುಗಳಿಗೆ ಬೀಗ ಇರಲಿಲ್ಲ. ಟೆಲ್ನೆಟ್ ಪಾಸ್‌ವರ್ಡನ್ನು ಬಯಲಲ್ಲೇ ಕಳಿಸುತ್ತಿತ್ತು. 1983ರ ಬಿಎಸ್‌ಡಿ ಯುನಿಕ್ಸಿನೊಡನೆ ಹರಡಿದ ‘ಆರ್‌ಎಸ್‌ಎಚ್’ ಗುರುತಿರುವ ಯಂತ್ರವೆಂದರೆ ಏನನ್ನೂ ಕೇಳದೆ ಒಳಗೆ ಬಿಡುತ್ತಿತ್ತು. 1988ರ ನವೆಂಬರಿನಲ್ಲಿ ಮಾರಿಸ್ ವರ್ಮ್ ಇಂಟರ್ನೆಟ್ಟಿಗೆ ಹರಡಲು ಹಿಡಿದ ದಾರಿಗಳಲ್ಲಿ ಈ ನಂಬಿಕೆಯೂ ಒಂದು. 1995ರಲ್ಲಿ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಪಾಸ್‌ವರ್ಡ್ ಕದ್ದ ಮೇಲೆ ಅಲ್ಲಿನ ತಾತು ಉಲೊನೆನ್ ‘ಎಸ್‌ಎಸ್‌ಎಚ್’ ಬರೆದ. ಅದಕ್ಕೆ ಸಿಕ್ಕ ಬಾಗಿಲ ಸಂಖ್ಯೆ 22, ಎಫ್‌ಟಿಪಿಯ 21 ಮತ್ತು ಟೆಲ್ನೆಟ್ಟಿನ 23ರ ನಡುವೆ. 1999ರಲ್ಲಿ ಓಪನ್ ಬಿಎಸ್‌ಡಿ ಗುಂಪು ಅದರ ಮುಕ್ತ ರೂಪವನ್ನು ಕೊಟ್ಟಿತು. ಇಂದು ಎಡಿಟರ್ ಯಾವುದೇ ಇರಲಿ, ಕೆಳಗೆ ಓಡುವುದು ಬಹುಪಾಲು ಇದೇ.

ಎಲ್ಲಕ್ಕಿಂತ ಹಳೆಯ ಪದ್ಧತಿಯಲ್ಲಿ ಎಡಿಟರೇ ಅಲ್ಲಿರುತ್ತದೆ. ಎಸ್‌ಎಸ್‌ಎಚ್ ಮಾಡಿ ಒಳಹೊಕ್ಕು, ಅಲ್ಲಿಯ ವಿಮ್ (ವಿಐನ ಹೊಸ ರೂಪ) ಅಥವಾ ನ್ಯಾನೋದಲ್ಲಿ ಫೈಲ್ ತೆರೆದು, ಅಲ್ಲೇ ಕಮಾಂಡ್ ಓಡಿಸುವುದು. ತಂತಿಯಲ್ಲಿ ದಾಟುವುದು ಕೀಲಿಗಳು ಮತ್ತು ಪರದೆಯ ಬದಲಾವಣೆ ಮಾತ್ರ. ಡೇಟಾ ಬಲು ಕಡಿಮೆ ಸಾಕು, ಎರಡು ಕಡ್ಡಿ ಸಿಗ್ನಲ್ಲಿನಲ್ಲೂ ನಡೆಯುತ್ತದೆ. ಇಲ್ಲಿ ಕಾಡುವುದು ವಿಳಂಬ. ಬೆಳಕು ಗಾಜಿನ ಎಳೆಯಲ್ಲಿ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಹಿಟ್ನಾಳದಿಂದ ಬೆಂಗಳೂರು ಸುಮಾರು 350 ಕಿ.ಮೀ. ಎಂದುಕೊಂಡರೆ ಹೋಗಿಬರಲು ಮೂರೂವರೆ ಮಿಲಿಸೆಕೆಂಡು. ಮೊಬೈಲ್ ಟವರಿನ ದಂಡ ಸೇರಿದರೂ ಕಣ್ಣಿಗೆ ತಿಳಿಯುವುದಿಲ್ಲ. ಸರ್ವರ್ ಅಮೆರಿಕದ ವರ್ಜೀನಿಯಾದಲ್ಲಿದ್ದರೆ ದೂರ 13 ಸಾವಿರ ಕಿ.ಮೀ. ದಾಟುತ್ತದೆ. ಹೋಗಿಬರಲು 130 ಮಿಲಿಸೆಕೆಂಡಿಗಿಂತ ಕಡಿಮೆಯಾಗಲು ಭೌತಶಾಸ್ತ್ರವೇ ಬಿಡದು. ನಿಜದಲ್ಲಿ 200 ಮೀರುತ್ತದೆ. ಒತ್ತಿದ ಅಕ್ಷರ ಪರದೆಗೆ ಬರಲು ಅಷ್ಟು ಹೊತ್ತು ಕಾಯುತ್ತ ದಿನವಿಡೀ ಟೈಪ್ ಮಾಡಿದವನಿಗೆ ಸಂಜೆ ತಲೆ ಹಿಡಿಯುತ್ತದೆ. ಕಂಪನಿ ಯಂತ್ರವನ್ನು ಮುಂಬೈಯಲ್ಲೋ ಹೈದರಾಬಾದಿನಲ್ಲೋ ಇಟ್ಟಿದ್ದರೆ ಅದು ನೌಕರನ ಪುಣ್ಯ.

ಕರೆಂಟು ಇನ್ನೊಂದು ಸಂಗತಿ. ಜೆಸ್ಕಾಂ ಲೈನ್ ಹೋದರೆ ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ನಡೆದೀತು, ಮನೆಯ ವೈಫೈ ಸಾಯುತ್ತದೆ. ಎಸ್‌ಎಸ್‌ಎಚ್ ಕಡಿದು ಬಿದ್ದರೆ ಅದರೊಳಗೆ ಓಡುತ್ತಿದ್ದ ಕೆಲಸವೂ ಸಾಮಾನ್ಯವಾಗಿ ಜೊತೆಗೇ ಹೋಗುತ್ತದೆ. ಅರ್ಧ ತಾಸಿನ ಕಂಪೈಲು ಮುಕ್ಕಾಲು ಆದಾಗ ‘ಲೈಟ್ ಹೋದ್ವು’ ಎಂದು ಕೆಳಗಿನಿಂದ ಕೂಗು ಕೇಳಿದವನಿಗೆ ಆ ಸಂಕಟ ಗೊತ್ತು. ಇದಕ್ಕೆ ಮದ್ದು ಬಹಳ ಹಳೆಯದು: 1987ರ ‘ಸ್ಕ್ರೀನ್’, ಇಲ್ಲವೇ 2007ರ ‘ಟಿಮಕ್ಸ್’. ಇವು ದೂರದ ಯಂತ್ರದಲ್ಲೇ ಒಂದು ಪರದೆಯನ್ನು ಜೀವಂತ ಇಡುತ್ತವೆ. ಲೈನ್ ಹೋದರೂ ಕೆಲಸ ನಡೆಯುತ್ತಿರುತ್ತದೆ, ಮತ್ತೆ ಲಾಗಿನ್ ಆಗಿ ಬಿಟ್ಟಲ್ಲಿಂದ ಹಿಡಿಯಬಹುದು. 2012ರಲ್ಲಿ ಎಂಐಟಿಯಿಂದ ಬಂದ ‘ಮಾಶ್’ ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ವೈಫೈಯಿಂದ ಮೊಬೈಲ್ ಡೇಟಾಕ್ಕೆ ಹಾರಿದರೂ ಸಂಪರ್ಕ ಕಡಿಯುವುದಿಲ್ಲ. ಒತ್ತಿದ ಅಕ್ಷರವನ್ನು ಅದು ಊಹಿಸಿ ಕೂಡಲೇ ತೋರಿಸುತ್ತದೆ, ಸರ್ವರ್ ಒಪ್ಪಿದ ಮೇಲೆ ಖಾತ್ರಿ ಮಾಡುತ್ತದೆ. ಬಸ್ಸಿನಲ್ಲಿ ಕುಷ್ಟಗಿಗೆ ಹೋಗುತ್ತ ಕೆಲಸ ಮಾಡುವವನಿಗೆ ಇದಕ್ಕಿಂತ ಒಳ್ಳೆಯ ಸಲಕರಣೆ ನಾನು ಕಂಡಿಲ್ಲ.

ಆದರೆ ಎಡಿಟರೇ ಅಲ್ಲಿರುವ ಈ ಪದ್ಧತಿಗೆ ಕನ್ನಡದಂಥ ಲಿಪಿ ಬಳಸುವವರು ಬಲ್ಲ ಒಂದು ಊನವಿದೆ. ಹೆಚ್ಚಿನ ಸಮೀಕ್ಷೆಗಳಲ್ಲಿ ಇದರ ಮಾತೇ ಬರುವುದಿಲ್ಲ. ಟರ್ಮಿನಲ್ ಎಂಬುದು ಚೌಕುಳಿ ಹಾಳೆ. ಒಂದು ಅಕ್ಷರಕ್ಕೆ ಒಂದು ಮನೆ. ‘ಹಿಟ್ನಾಳ’ ಎಂದು ಬರೆಯಿರಿ. ನಮ್ಮ ಕಣ್ಣಿಗೆ ಅದು ಮೂರು ಅಕ್ಷರ: ಹಿ, ಟ್ನಾ, ಳ. ಯುನಿಕೋಡಿನ ಲೆಕ್ಕದಲ್ಲಿ ಏಳು ಸಂಕೇತ: ಹ, ಗುಡಿಸು, ಟ, ಹಲಂತ, ನ, ದೀರ್ಘ, ಳ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟು, ಹಾಗಾಗಿ ಊರಿನ ಹೆಸರಿಗೆ 21 ಬೈಟು. ಈ ಏಳು ಸಂಕೇತಗಳು ಎಷ್ಟು ಮನೆ ಹಿಡಿಯಬೇಕು ಎಂಬುದರಲ್ಲಿ ಇಲ್ಲಿಯ ಟರ್ಮಿನಲ್ಲಿಗೂ ಅಲ್ಲಿಯ ವಿಮ್ಮಿಗೂ ಒಮ್ಮತವಿಲ್ಲದಿದ್ದರೆ ಕರ್ಸರ್ ದಾರಿ ತಪ್ಪುತ್ತದೆ. ನೀವು ‘ಳ’ ಅಳಿಸಲು ಹೋದರೆ ‘ನ’ ಹೋಗುತ್ತದೆ. ಒತ್ತಕ್ಷರ ಕೆಳಗೆ ಇಳಿಯದೆ ಪಕ್ಕಕ್ಕೆ ಸಿಡಿಯುತ್ತದೆ. ದೂರದ ಯಂತ್ರದ ಭಾಷಾ ಸೆಟ್ಟಿಂಗ್ ಯುಟಿಎಫ್-8 ಇಲ್ಲದಿದ್ದರಂತೂ ಪ್ರಶ್ನಾರ್ಥಕ ಚಿಹ್ನೆಗಳ ಸಾಲು.

ಇದು ಬರೀ ಅಲಂಕಾರದ ಸಮಸ್ಯೆ ಎಂದು ಸಾಫ್ಟ್‌ವೇರಿನವರು ತಳ್ಳಿಹಾಕುತ್ತಾರೆ. ಕನ್ನಡ ಜಾಲತಾಣ ನಡೆಸುವವನು, ನಿಘಂಟಿನ ಡೇಟಾ ಸರಿಪಡಿಸುವವನು, ಪಂಚಾಯಿತಿಯ ಹೆಸರುಪಟ್ಟಿ ತಿದ್ದುವವನು ಹಾಗೆ ತಳ್ಳಿಹಾಕುವಂತಿಲ್ಲ. ಎಡಿಟರ್ ಇಲ್ಲೇ, ಲ್ಯಾಪ್‌ಟಾಪಿನ ಸ್ವಂತ ಕಿಟಕಿಯಲ್ಲಿ ಓಡಿದರೆ ಈ ತೊಂದರೆ ಇಲ್ಲ. ಈಮ್ಯಾಕ್ಸ್ ಎಂಬ ಎಡಿಟರ್ 2020ರ 27ನೆಯ ಆವೃತ್ತಿಯಿಂದ, ಅಕ್ಷರ ಜೋಡಿಸುವ ಹಾರ್ಫ್‌ಬಝ್ ಬಳಸಿ ಒತ್ತಕ್ಷರಗಳನ್ನು ಚೆನ್ನಾಗಿ ಕೂರಿಸುತ್ತದೆ, ಕನ್ನಡ ಕೀಲಿವಿನ್ಯಾಸಗಳೂ ಅದರೊಳಗೇ ಇವೆ. ಮೈಕ್ರೋಸಾಫ್ಟಿನ ವಿಎಸ್ ಕೋಡ್ ಬ್ರೌಸರಿನ ಎಂಜಿನ್ ಮೇಲೆ ನಿಂತದ್ದರಿಂದ ಅದರ ಬರಹದ ಭಾಗದಲ್ಲಿ ಕನ್ನಡ ಸರಿ. ಕೆಳಗಿನ ಟರ್ಮಿನಲ್ ಪಟ್ಟಿಯಲ್ಲಿ ಮತ್ತೆ ಅದೇ ಚೌಕುಳಿ ಗೋಳು. ಕನ್ನಡ ಪಠ್ಯದ ಕೆಲಸ ಮಾಡುವವರು ಟರ್ಮಿನಲ್ಲಿನೊಳಗಿನ ಎಡಿಟರನ್ನು ಬಿಡಲು ನನ್ನ ಪ್ರಕಾರ ಈ ಒಂದು ಕಾರಣ ಸಾಕು.

ಹಾಗಾದರೆ ಎಡಿಟರ್ ಇಲ್ಲಿ, ಫೈಲ್ ಅಲ್ಲಿ. ಇದರಲ್ಲೂ ಬಗೆಗಳಿವೆ, ಅವನ್ನು ಗಲಿಬಿಲಿ ಮಾಡಿಕೊಳ್ಳುವವರು ಬಹಳ. ವಿಮ್ಮಿನ ‘ನೆಟ್‌ಆರ್‌ಡಬ್ಲ್ಯೂ’ ದೂರದ ಫೈಲನ್ನು ತಂದು ತೋರಿಸಿ, ಉಳಿಸಿದಾಗ ವಾಪಸು ಕಳಿಸುತ್ತದೆ. ಆದರೆ ವಿಮ್ಮಿನೊಳಗೆ ಆಶ್ಚರ್ಯ ಚಿಹ್ನೆ ಹಾಕಿ ಕೊಟ್ಟ ಕಮಾಂಡ್ ನಿಮ್ಮ ಲ್ಯಾಪ್‌ಟಾಪಿನಲ್ಲೇ ಓಡುತ್ತದೆ! ‘ಎಸ್‌ಎಸ್‌ಎಚ್‌ಎಫ್‌ಎಸ್’ ದೂರದ ಫೋಲ್ಡರನ್ನು ಇಲ್ಲಿಯದೇ ಎಂಬಂತೆ ಅಂಟಿಸುತ್ತದೆ. ಅದರಲ್ಲಿ ನಿಂತು ಕಂಪೈಲ್ ಮಾಡಿದರೂ ದುಡಿಯುವುದು ಇಲ್ಲಿಯ ಪ್ರೊಸೆಸರೇ, ಒಂದೊಂದು ಫೈಲಿಗೂ ತಂತಿ ದಾಟುತ್ತ.

ಫೈಲು, ಕಮಾಂಡು ಎರಡನ್ನೂ ಒಟ್ಟಿಗೆ ಅಲ್ಲಿಗೆ ಕೊಂಡೊಯ್ದದ್ದು ಈಮ್ಯಾಕ್ಸಿನ ‘ಟ್ರ್ಯಾಂಪ್’. ಇದರ ಹಿರಿಯಣ್ಣ 1989ರ ‘ಆಂಜ್-ಎಫ್‌ಟಿಪಿ’. ಟ್ರ್ಯಾಂಪ್ 1998ರಲ್ಲಿ ಶುರುವಾಗಿ 2007ರ ಈಮ್ಯಾಕ್ಸ್ 22ರಲ್ಲಿ ಸೇರಿಕೊಂಡಿತು. ಫೈಲಿನ ವಿಳಾಸದ ಮುಂದೆ ಎಸ್‌ಎಸ್‌ಎಚ್ ಎಂದೂ ಯಂತ್ರದ ಹೆಸರನ್ನೂ ಬರೆದು ತೆರೆದರೆ ಮುಗಿಯಿತು. ಆ ಫೈಲಿನ ಕಿಟಕಿಯಲ್ಲಿ ನಿಂತು ಶೆಲ್ ಕಮಾಂಡ್ ಕೊಟ್ಟರೆ ಅದು ಅಲ್ಲಿ ಓಡುತ್ತದೆ. ಕಂಪೈಲ್ ಎಂದರೆ ಅಲ್ಲಿ ಕಂಪೈಲ್. ದೋಷದ ಸಾಲಿನ ಮೇಲೆ ಎಂಟರ್ ಒತ್ತಿದರೆ ಅಲ್ಲಿಯ ಫೈಲಿನ ಅದೇ ಸಾಲು ತೆರೆಯುತ್ತದೆ. ಎಡಿಟರಿಗೆ ಬೇರೆ ಗುಂಡಿ, ಬೇರೆ ಮೆನು ಯಾವುದೂ ಇಲ್ಲ. ಯಾವ ಫೋಲ್ಡರಿನಲ್ಲಿ ನಿಂತಿದ್ದೀರೋ ಆ ಯಂತ್ರವೇ ನಿಮ್ಮ ಯಂತ್ರ. ನಾನು ಕಂಡ ಪರಿಹಾರಗಳಲ್ಲಿ ಇದರಷ್ಟು ಸೊಗಸಾದದ್ದು ಇನ್ನೊಂದಿಲ್ಲ, ಇದರಷ್ಟು ಮುನಿಸಿಕೊಳ್ಳುವುದೂ ಇನ್ನೊಂದಿಲ್ಲ. ಯಾಕೆಂದರೆ ದೂರದ ಯಂತ್ರದಲ್ಲಿ ಅದು ತನ್ನದೇನನ್ನೂ ಇಡುವುದಿಲ್ಲ. ಮನುಷ್ಯನೊಬ್ಬ ಲಾಗಿನ್ ಆದಂತೆ ಶೆಲ್ ತೆರೆದು, ಪ್ರಾಂಪ್ಟ್ ಬರುವುದನ್ನು ಕಾದು, ಕಮಾಂಡ್ ಟೈಪಿಸಿ, ಉತ್ತರ ಓದಿ ಅರ್ಥ ಮಾಡಿಕೊಳ್ಳುತ್ತದೆ. ಸಣ್ಣ ಫೈಲಾದರೆ ಅದನ್ನು ಸಾದಾ ಅಕ್ಷರಗಳಿಗೆ ಪರಿವರ್ತಿಸಿ ಅದೇ ಶೆಲ್ಲಿನಲ್ಲಿ ತಳ್ಳುತ್ತದೆ. ಯಾರಾದರೂ ಶೋಕಿಗೆ ಬಣ್ಣಬಣ್ಣದ, ಎರಡು ಸಾಲಿನ, ಎಮೋಜಿಯುಳ್ಳ ಪ್ರಾಂಪ್ಟ್ ಹಾಕಿಕೊಂಡಿದ್ದರೆ ಟ್ರ್ಯಾಂಪ್ ಅದನ್ನು ಪ್ರಾಂಪ್ಟ್ ಎಂದು ಗುರುತಿಸದೆ ಕಾಯುತ್ತಲೇ ಕೂರುತ್ತದೆ. ಪರದೆ ಕಲ್ಲಾಗುತ್ತದೆ. ಟರ್ಮಿನಲ್ ಬಗೆ ‘ಡಂಬ್’ ಎಂದಿದ್ದರೆ ಸಾದಾ ಪ್ರಾಂಪ್ಟ್ ಸಾಕು ಎಂದು ದೂರದ ಯಂತ್ರಕ್ಕೆ ಎರಡು ಸಾಲು ಬರೆದಿಟ್ಟರೆ ಸಮಸ್ಯೆ ತೀರುತ್ತದೆ. ಆ ಎರಡು ಸಾಲು ಗೊತ್ತಿಲ್ಲದೆ ಈಮ್ಯಾಕ್ಸನ್ನೇ ಬಿಟ್ಟವರಿದ್ದಾರೆ.

ಎಡಿಟರಿನಿಂದ ಕಳಿಸಿದ ಕಮಾಂಡು ನಾವೇ ಲಾಗಿನ್ ಆಗಿ ಟೈಪಿಸಿದ ಕಮಾಂಡಿನಂತೆ ನಡೆದುಕೊಳ್ಳುವುದಿಲ್ಲ ಎಂಬುದು ಹೊಸಬರನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ವಿಷಯ. ಒಂದು ಉದಾಹರಣೆ ಸಾಕು. ಉಬುಂಟು ಸರ್ವರಿನಲ್ಲಿ ‘ಎನ್‌ವಿಎಂ’ ಎಂಬ ಸಲಕರಣೆಯ ಮೂಲಕ ನೋಡ್.ಜೆಎಸ್ ಹಾಕಿದ್ದೀರಿ. ಲಾಗಿನ್ ಆಗಿ ನೋಡ್ ಎಂದರೆ ಓಡುತ್ತದೆ. ಎಡಿಟರಿನಿಂದ ಎಸ್‌ಎಸ್‌ಎಚ್ ಮೂಲಕ ಅದೇ ಕಮಾಂಡ್ ಕಳಿಸಿದರೆ ‘ಅಂಥ ಕಮಾಂಡ್ ಇಲ್ಲ’ ಎಂಬ ಉತ್ತರ. ಎನ್‌ವಿಎಂ ತನ್ನ ದಾರಿ ತೋರುವ ಸಾಲುಗಳನ್ನು ಬ್ಯಾಶಿನ ಆರಂಭದ ಫೈಲಿನ ತುದಿಯಲ್ಲಿ ಸೇರಿಸುತ್ತದೆ. ಉಬುಂಟು ಅದೇ ಫೈಲಿನ ತಲೆಯಲ್ಲಿ, ಕೂತು ಟೈಪಿಸುವ ಮನುಷ್ಯ ಇಲ್ಲದಿದ್ದರೆ ಇಲ್ಲಿಂದಲೇ ವಾಪಸು ಹೋಗು ಎಂದು ಬರೆದಿಟ್ಟಿದೆ. ಎಡಿಟರಿನ ಕಮಾಂಡಿಗೆ ಮುಂದೆ ಕೂತ ಮನುಷ್ಯನಿಲ್ಲ. ಅದು ಬಾಗಿಲಿನಿಂದಲೇ ತಿರುಗುತ್ತದೆ, ತುದಿಯ ಸಾಲು ಓದುವುದೇ ಇಲ್ಲ. ದಾರಿಯ ಸಾಲುಗಳನ್ನು ಆ ಕಾವಲು ಸಾಲಿಗಿಂತ ಮೇಲೆ ಸರಿಸಿದರೆ ಅಥವಾ ಪ್ರೋಗ್ರಾಮಿನ ಪೂರ್ತಿ ವಿಳಾಸ ಕೊಟ್ಟರೆ ಸರಿ ಹೋಗುತ್ತದೆ. ನಕ್ಷತ್ರ ಚಿಹ್ನೆಯದೂ ಇಂಥದ್ದೇ ಕತೆ. ದೂರದ ಎಲ್ಲ ಲಾಗ್ ಫೈಲುಗಳೂ ಬೇಕೆಂದು ನಕ್ಷತ್ರ ಹಾಕಿ ಉದ್ಧರಣ ಚಿಹ್ನೆ ಮರೆತರೆ, ಇಲ್ಲಿಯ ಶೆಲ್ಲೇ ಅದನ್ನು ಇಲ್ಲಿಯ ಫೈಲುಗಳ ಹೆಸರಾಗಿ ಬಿಡಿಸಿ ಅಲ್ಲಿಗೆ ಕಳಿಸಬಹುದು. ಕಮಾಂಡ್ ನಿಲ್ಲಿಸುವುದರಲ್ಲೂ ಸಿಕ್ಕು: ಹೀಗೆ ಕಳಿಸಿದ ಕೆಲಸಕ್ಕೆ ಇಲ್ಲಿ ಕಂಟ್ರೋಲ್-ಸಿ ಒತ್ತಿದರೆ ಇಲ್ಲಿಯ ಎಸ್‌ಎಸ್‌ಎಚ್ ಸಾಯುತ್ತದೆ, ಅಲ್ಲಿಯ ಕೆಲಸ ಅನಾಥವಾಗಿ ಓಡುತ್ತಲೇ ಇರಬಹುದು.

ಇಷ್ಟೆಲ್ಲ ರಗಳೆ ಬೇಡವೆಂದು ಎಡಿಟರನ್ನೇ ಎರಡು ಹೋಳು ಮಾಡುವುದು ಮೂರನೆಯ ದಾರಿ: ಮುಖ ಇಲ್ಲಿ, ಮಿದುಳು ಅಲ್ಲಿ. ಇದನ್ನು ಹೊಸದೆಂದು ಮಾರುತ್ತಾರೆ. ಬೆಲ್ ಲ್ಯಾಬ್ಸಿನ ರಾಬ್ ಪೈಕ್ 1987ರ ಲೇಖನದಲ್ಲಿ ವಿವರಿಸಿದ ‘ಸ್ಯಾಮ್’ ಎಡಿಟರ್ ಹೀಗೇ ಇತ್ತು. ಫೈಲು ಹಿಡಿದ ಭಾಗ ದೂರದ ಯಂತ್ರದಲ್ಲಿ, ಪರದೆ ಹಿಡಿದ ಭಾಗ ಎದುರಿನ ಟರ್ಮಿನಲ್ಲಿನಲ್ಲಿ, ನಡುವೆ ಅವುಗಳ ಖಾಸಗಿ ಮಾತುಕತೆ. ಪೈಕನದೇ ‘ಆಕ್ಮಿ’ಯಲ್ಲಿ ಪರದೆಯ ಮೇಲಿನ ಯಾವ ಪದವನ್ನಾದರೂ ಮೌಸಿನ ನಡುಗುಂಡಿಯಿಂದ ಒತ್ತಿದರೆ ಅದೇ ಕಮಾಂಡಾಗಿ ಓಡುತ್ತದೆ. ಇವುಗಳ ಭಕ್ತರು ಈಗಲೂ ಇದ್ದಾರೆ, ಕಡಿಮೆ.

ಜನಸಾಮಾನ್ಯರಿಗೆ ಈ ವಿಚಾರ ತಲುಪಿದ್ದು 2019ರ ಮೇ ತಿಂಗಳಲ್ಲಿ, ಮೈಕ್ರೋಸಾಫ್ಟ್ ವಿಎಸ್ ಕೋಡಿಗೆ ದೂರ ಸಂಪರ್ಕದ ಸೇರ್ಪಡೆಗಳನ್ನು ಕೊಟ್ಟಾಗ. ಎಸ್‌ಎಸ್‌ಎಚ್ ವಿಳಾಸ ಕೊಟ್ಟರೆ ಅದು ದೂರದ ಯಂತ್ರಕ್ಕೆ ತನ್ನ ಸರ್ವರನ್ನು ತಾನೇ ಇಳಿಸಿಕೊಂಡು ಹೂಡುತ್ತದೆ. ಫೈಲು, ಹುಡುಕಾಟ, ಡೀಬಗ್ಗು, ಟರ್ಮಿನಲ್ಲು ಎಲ್ಲವೂ ಅಲ್ಲಿ. ಇಲ್ಲಿ ಮುಖ ಮಾತ್ರ. ಟೈಪಿಸಿದ ಅಕ್ಷರ ಕೂಡಲೇ ಕಾಣುತ್ತದೆ, ಕಮಾಂಡ್ ಸರಿಯಾದ ಕಡೆಯೇ ಓಡುತ್ತದೆ. ತಳಕಲ್ಲಿನ ಸರಕಾರಿ ಎಂಜಿನಿಯರಿಂಗ್ ಕಾಲೇಜಿನಂಥ ಕಡೆಯಿಂದ ಈಗಷ್ಟೇ ಹೊರಬಂದ ಹುಡುಗಿಯೊಬ್ಬಳು ಕೇಳಿದರೆ ನಾನೂ ಮೊದಲು ಇದನ್ನೇ ಹೇಳುತ್ತೇನೆ. ಹೇಳಿ, ಜೊತೆಗೆ ನಾಲ್ಕು ಮಾತು ಎಚ್ಚರಿಕೆಯನ್ನೂ ಸೇರಿಸುತ್ತೇನೆ.

ಮೊದಲನೆಯದು ಭಾರ. ಅಗ್ಗದ 1 ಜಿಬಿ ಮೆಮೊರಿಯ ಕ್ಲೌಡ್ ಯಂತ್ರದಲ್ಲಿ ಆ ಸರ್ವರೂ, ಅದರ ಸೇರ್ಪಡೆಗಳೂ ಕೂತರೆ ನಿಮ್ಮ ಪ್ರೋಗ್ರಾಮಿಗೆ ಜಾಗವಿರುವುದಿಲ್ಲ; ಯಂತ್ರ ಏದುಸಿರು ಬಿಡುತ್ತದೆ. ಲೈನ್ ಕಡಿದಾಗ ಮತ್ತೆ ಜೋಡಿಸಿಕೊಳ್ಳುವ ಪ್ರಯತ್ನ ಮಾಡುತ್ತದೆ ನಿಜ, ಆದರೆ ಮಾಶಿನ ಸಂಯಮ ಅದಕ್ಕಿಲ್ಲ. ಇನ್ನೊಂದು, ಹಳೆಯ ಯಂತ್ರಗಳ ಪಾಡು. 2024ರ ಆರಂಭದಲ್ಲಿ ಬಂದ 1.86ನೆಯ ಆವೃತ್ತಿ ದೂರದ ಯಂತ್ರದಲ್ಲಿ ಲಿನಕ್ಸಿನ ಮೂಲ ಲೈಬ್ರರಿ ಜಿಲಿಬ್‌ಸಿ 2.28 ಇರಲೇಬೇಕು ಎಂದಿತು. ಸೆಂಟ್ಓಎಸ್ 7ರಲ್ಲಿ ಇದ್ದದ್ದು 2.17, ಉಬುಂಟು 18.04ರಲ್ಲಿ 2.27. ರಾತ್ರಿ ತಾನೇ ಅಪ್‌ಡೇಟ್ ಆದ ಎಡಿಟರ್ ಬೆಳಿಗ್ಗೆ ತನ್ನದೇ ಸರ್ವರಿಗೆ ಹೋಗಲೊಲ್ಲದು. ಜಗತ್ತಿನ ತುಂಬ ಗಲಾಟೆಯಾಗಿ ಮೈಕ್ರೋಸಾಫ್ಟ್ ಕೆಲವೇ ದಿನಗಳಲ್ಲಿ ತಾತ್ಕಾಲಿಕ ಸಡಿಲಿಕೆ ಕೊಟ್ಟಿತು. ವಿಐ ಇಂಥ ಷರತ್ತು ಹಾಕಿದ್ದನ್ನು ಯಾರೂ ಕೇಳಿಲ್ಲ. ಮತ್ತೊಂದು, ನಂಬಿಕೆ ಎರಡೂ ಕಡೆ ಹರಿಯುತ್ತದೆ ಎಂಬುದು: ದೂರದ ಯಂತ್ರ ದುಷ್ಟರ ಕೈಗೆ ಸಿಕ್ಕಿದ್ದರೆ ಅದು ಈ ಸಂಪರ್ಕದ ಮೂಲಕ ನಿಮ್ಮ ಲ್ಯಾಪ್‌ಟಾಪಿನಲ್ಲೇ ಕಮಾಂಡ್ ಓಡಿಸಬಲ್ಲದು ಎಂದು ಆ ಸೇರ್ಪಡೆಯ ವಿವರಣೆಯಲ್ಲೇ ಬರೆದಿದೆ. ಓದುವವರು ಯಾರು? ಕೊನೆಯದಾಗಿ, ಎಡಿಟರಿನ ಮೂಲ ಮುಕ್ತವಾದರೂ ಈ ದೂರದ ಸೇರ್ಪಡೆ ಮುಕ್ತವಲ್ಲ. ಮುಕ್ತ ತಂತ್ರಾಂಶವೆಂದು ವಿಎಸ್‌ಕೋಡಿಯಂ ಹಾಕಿಕೊಂಡವರಿಗೆ ಅದನ್ನು ಬಳಸಲು ಅನುಮತಿಯಿಲ್ಲ.

ಬ್ರೌಸರಿನಲ್ಲೇ ಎಡಿಟರ್ ತೆರೆಯುವ ಗಿಟ್‌ಹಬ್ ಕೋಡ್‌ಸ್ಪೇಸಸ್, ಜುಪಿಟರ್‌ಲ್ಯಾಬ್ ಮುಂತಾದವು ಇದೇ ವಿಚಾರದ ಮುಂದುವರಿಕೆ. ಕಲಿಯುವವರಿಗೆ ಅನುಕೂಲ; ಹೆಚ್ಚು ಹೇಳುವಂಥದ್ದಿಲ್ಲ.

ದೂರದ ಯಂತ್ರ ನಿಮ್ಮೊಬ್ಬರದೇ ಅಲ್ಲದಾಗ ಲೆಕ್ಕ ಬೇರೆಯಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2015ರಲ್ಲಿ ‘ಸಹಸ್ರ-ಟಿ’ ಎಂಬ ಕ್ರೇ ಯಂತ್ರ ಬಂತು. 2022ರಲ್ಲಿ ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಮಿಷನ್ನಿನ ಅಡಿ 3.3 ಪೆಟಾಫ್ಲಾಪ್ಸ್ ಸಾಮರ್ಥ್ಯದ ‘ಪರಮ್ ಪ್ರವೇಗ’ ಬಂತು. ಇಂಥ ಯಂತ್ರಕ್ಕೆ ಎಸ್‌ಎಸ್‌ಎಚ್ ಮಾಡಿದರೆ ನೀವು ತಲುಪುವುದು ಅದರ ಪಡಸಾಲೆಗೆ, ಅಂದರೆ ಲಾಗಿನ್ ನೋಡಿಗೆ. ಅಲ್ಲಿ ನೂರಾರು ಸಂಶೋಧಕರು ಒಟ್ಟಿಗೇ ಇರುತ್ತಾರೆ. ನಿಜವಾದ ಲೆಕ್ಕ ನಡೆಯುವುದು ಒಳಗಿನ ಕಂಪ್ಯೂಟ್ ನೋಡುಗಳಲ್ಲಿ. ಅಲ್ಲಿಗೆ ಕೆಲಸ ಹೋಗಬೇಕಾದರೆ ಸರದಿಯ ಪಟ್ಟಿಗೆ ಅರ್ಜಿ ಹಾಕಬೇಕು. ಎಡಿಟರಿನಲ್ಲಿ ‘ಓಡಿಸು’ ಗುಂಡಿ ಒತ್ತಿದರೆ ಲೆಕ್ಕ ಪಡಸಾಲೆಯಲ್ಲೇ ಶುರುವಾಗುತ್ತದೆ, ಎಲ್ಲರ ಟರ್ಮಿನಲ್ಲೂ ತೆವಳುತ್ತದೆ, ಆಡಳಿತದವರಿಂದ ಬೈಗುಳದ ಮೇಲ್ ಬರುತ್ತದೆ. ಭಾರದ ಎಡಿಟರ್ ಸರ್ವರುಗಳನ್ನು ಇಂಥ ಕೇಂದ್ರಗಳು ಇಷ್ಟಪಡದಿರುವುದಕ್ಕೂ ಇದೇ ಕಾರಣ. ಇಲ್ಲಿ ಎಡಿಟರಿನಿಂದ ಕಳಿಸಬೇಕಾದದ್ದು ಪುಟ್ಟದೊಂದು ಅರ್ಜಿಯ ಕಮಾಂಡು. ಉತ್ತರ ನಾಳೆ ಬಂದೀತು. ಹಿಟ್ನಾಳದಿಂದ ಕಳಿಸಿದರೂ ಒಂದೇ, ಮಲ್ಲೇಶ್ವರದಿಂದ ಕಳಿಸಿದರೂ ಒಂದೇ.

ಯಂತ್ರ ದೂರವಿದೆ ಎಂಬುದನ್ನು ಎಡಿಟರ್ ಎಷ್ಟು ಚೆನ್ನಾಗಿ ಮರೆಸುತ್ತದೋ ಅಪಾಯ ಅಷ್ಟು ಹೆಚ್ಚು. 2017ರ ಜನವರಿ 31ರ ರಾತ್ರಿ ಗಿಟ್‌ಲ್ಯಾಬಿನ ಎಂಜಿನಿಯರ್ ಒಬ್ಬ, ಕೆಟ್ಟು ನಿಂತ ಎರಡನೆಯ ಡೇಟಾಬೇಸ್ ಯಂತ್ರದಲ್ಲಿ ಫೋಲ್ಡರ್ ಅಳಿಸುತ್ತಿದ್ದೇನೆಂದುಕೊಂಡು ಮೊದಲನೆಯ, ಜೀವಂತ ಯಂತ್ರದಲ್ಲಿ ಅಳಿಸಿದ. ತಪ್ಪು ತಿಳಿದು ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಬ್ಯಾಕಪ್ಪುಗಳೂ ಕೈಕೊಟ್ಟಿದ್ದವು, ಕೊನೆಗೆ ಆರು ತಾಸಿನ ಡೇಟಾ ಶಾಶ್ವತವಾಗಿ ಹೋಯಿತು. ಕಂಪನಿ ಎಲ್ಲವನ್ನೂ ಬಹಿರಂಗವಾಗಿ ಬರೆದುಕೊಂಡಿತು, ಅದು ಅದರ ದೊಡ್ಡತನ. ಎರಡು ಟರ್ಮಿನಲ್ಲುಗಳಿಗೇ ಹೀಗಾದರೆ, ಒಂದೇ ಎಡಿಟರಿನ ಹತ್ತು ಕಿಟಕಿಗಳು ಹತ್ತು ಯಂತ್ರಗಳಿಗೆ ಬಾಯಿ ತೆರೆದಿರುವಾಗ ಏನಾಗಬಹುದು ಎಂದು ಯೋಚಿಸಿ. ಗಿರಾಕಿಗಳು ಬಳಸುವ ಯಂತ್ರದ ಕಿಟಕಿಗೆ ಕೆಂಪು ಬಣ್ಣ ಬಳಿಯುವುದು ಹುಡುಗಾಟದಂತೆ ಕಾಣುತ್ತದೆ. ಬಳಿಯಿರಿ.

ಈಗ ಎಡಿಟರಿನೊಳಗೆ ಎಐ ಸಹಾಯಕರೂ ಬಂದು ಕೂತಿದ್ದಾರೆ, ಕಮಾಂಡನ್ನು ತಾವೇ ಬರೆದು ತಾವೇ ಓಡಿಸುತ್ತಾರೆ. ದೂರದ ಯಂತ್ರಕ್ಕೆ ಜೋಡಿಸಿದ ಕಿಟಕಿಯಲ್ಲಿ ಅವರಿಗೆ ಕೇಳದೆ ಓಡಿಸುವ ಅನುಮತಿ ಕೊಡುವುದು ನನಗಂತೂ ಒಪ್ಪಿಗೆಯಿಲ್ಲ. ಪರೀಕ್ಷೆಗೆಂದೇ ಇರುವ, ಹೋದರೆ ಹೋಗಲಿ ಎನ್ನುವ ಯಂತ್ರವಾದರೆ ಬೇರೆ ಮಾತು.

ನಮ್ಮ ಕಡೆಯ ಲೈನಿಗೆ, ಕರೆಂಟಿಗೆ ಹೊಂದುವ ವ್ಯವಸ್ಥೆ ಯಾವುದೆಂದು ಕೇಳಿದರೆ ನಾನು ಹೇಳುವುದು ಹಳೆಯ ಮತ್ತು ಹೊಸದರ ಬೆರಕೆ. ಫೈಲಿನ ಪ್ರತಿ ಇಲ್ಲೇ ಇರಲಿ. ಲೈನ್ ಇಲ್ಲದಾಗಲೂ ಬರೆಯಬಹುದು, ಕನ್ನಡವೂ ಸರಿ ಕಾಣುತ್ತದೆ. ಉಳಿಸಿದಾಗ ಬದಲಾದಷ್ಟನ್ನೇ ‘ಆರ್‌ಸಿಂಕ್’ ಅಥವಾ ಗಿಟ್ ಅಲ್ಲಿಗೆ ಒಯ್ಯಲಿ. ಕಮಾಂಡನ್ನು ಎಡಿಟರಿನ ಒಂದು ಕೀಲಿಗೆ ಕಟ್ಟಿ, ದೂರದ ಟಿಮಕ್ಸಿನೊಳಗೆ ಓಡಿಸಿ. ಎಸ್‌ಎಸ್‌ಎಚ್ ಒಮ್ಮೆ ತೆರೆದ ಸಂಪರ್ಕವನ್ನೇ ಮತ್ತೆ ಮತ್ತೆ ಬಳಸುವಂತೆ ಸೆಟ್ಟಿಂಗ್ ಮಾಡಿದರೆ ಪ್ರತಿ ಕಮಾಂಡಿಗೂ ಹೊಸ ಲಾಗಿನ್ನಿನ ಕಾಯುವಿಕೆ ತಪ್ಪುತ್ತದೆ. ಹೀಗೆ ಮಾಡಿದರೆ ತಂತಿಯಲ್ಲಿ ದಾಟುವುದು ಬದಲಾದ ಸಾಲುಗಳು ಮತ್ತು ಒಂದು ಕಮಾಂಡು, ಅಷ್ಟೇ. ವಿಎಸ್ ಕೋಡಿನ ದೂರದ ಸೇರ್ಪಡೆಯಷ್ಟು ನಯ ಇದರಲ್ಲಿಲ್ಲ, ಹೂಡಿಕೊಳ್ಳಲು ಒಂದು ಸಂಜೆ ಬೇಕು. ಲೈನು ಹೋದ ದಿನ ಮಾತ್ರ ವ್ಯತ್ಯಾಸ ತಿಳಿಯುತ್ತದೆ.

ಲ್ಯಾಪ್‌ಟಾಪೇ ಇಲ್ಲದವರ ಮಾತು ಉಳಿಯಿತು. ಜಿಲ್ಲೆಯ ಎಷ್ಟೋ ವಿದ್ಯಾರ್ಥಿಗಳ ಮೊದಲ ಕಂಪ್ಯೂಟರ್ ಆಂಡ್ರಾಯ್ಡ್ ಫೋನು. ‘ಟರ್ಮಕ್ಸ್’ ಎಂಬ ಆ್ಯಪ್ ಹಾಕಿದರೆ ಅದರಲ್ಲಿ ಎಸ್‌ಎಸ್‌ಎಚ್, ವಿಮ್, ಈಮ್ಯಾಕ್ಸ್ ಎಲ್ಲವನ್ನೂ ಹಾಕಿಕೊಳ್ಳಬಹುದು. ಪರದೆಯ ಕೀಬೋರ್ಡಿನ ಮೇಲೆ ಎಸ್ಕೇಪ್, ಕಂಟ್ರೋಲ್, ಟ್ಯಾಬ್ ಇರುವ ಹೆಚ್ಚುವರಿ ಸಾಲೂ ಇದೆ. ಹೆಬ್ಬೆರಳಲ್ಲಿ ಟೈಪಿಸುವವನಿಗೆ ವಿಐನ ಎರಡಕ್ಷರದ ಕಮಾಂಡುಗಳು ಆಗ ನಿಜಕ್ಕೂ ಒದಗಿ ಬರುತ್ತವೆ. ಫೋನಿನಿಂದ ಎಸ್‌ಎಸ್‌ಎಚ್ ಮಾಡುವಾಗ ಪಾಸ್‌ವರ್ಡಿನ ಬದಲು ಕೀ ಜೋಡಿ ಬಳಸಬೇಕು, ಫೋನಿನಲ್ಲಿಟ್ಟ ಖಾಸಗಿ ಕೀಗೂ ಪ್ರತ್ಯೇಕ ಪಾಸ್‌ಫ್ರೇಸ್ ಹಾಕಬೇಕು. ಮುಂದೆ ಲ್ಯಾಪ್‌ಟಾಪೂ ಬಂದರೆ ಅದರ ಕೀಯನ್ನೇ ಫೋನಿಗೆ ನಕಲು ಮಾಡಬೇಡಿ. ಒಂದೊಂದು ಉಪಕರಣಕ್ಕೆ ಒಂದೊಂದು ಕೀ ಇರಲಿ. ಹುಲಿಗಿಯ ಹುಣ್ಣಿಮೆ ಜಾತ್ರೆಯ ಗದ್ದಲದಲ್ಲಿ ಫೋನ್ ಕಳೆದರೆ, ಸರ್ವರಿನ ಅನುಮತಿ ಪಟ್ಟಿಯಿಂದ ಆ ಫೋನಿನ ಒಂದು ಸಾಲನ್ನು ಅಳಿಸಿದರೆ ಸಾಕು. ಅದನ್ನು ಅಳಿಸಲು ಒಳಗೆ ಹೋಗುವ ಎರಡನೆಯ ದಾರಿಯನ್ನು, ಗೆಳೆಯನ ಯಂತ್ರದಲ್ಲೋ ಕಾಲೇಜಿನ ಲ್ಯಾಬಿನಲ್ಲೋ, ಮೊದಲೇ ಮಾಡಿಟ್ಟಿರಬೇಕು.